ನೂರು ರೂಪಾಯಿ ಒಂದು ರೂಪಾಯಿಯಾದ ಬಗೆ: ಕನ್‌ಸ್ಟ್ರಕ್ಟರ್ ಓವರ್‌ಲೋಡಿಂಗಿನ ಒಂದು ಪ್ರಕರಣ

ಮುಂಬಯಿಯ ಘಾಟ್‌ಕೋಪರಿನಲ್ಲಿ ಕನ್ನಡಿಗರೇ ಹೆಚ್ಚಿನ ಸಂಖ್ಯೆಯಲ್ಲಿ ಸದಸ್ಯರಾಗಿರುವ ಒಂದು ಚಿಕ್ಕ ಪತ್ತಿನ ಸಹಕಾರ ಸಂಘವಿದೆ. ಅದರ ಲೆಕ್ಕಪತ್ರ ನೋಡಿಕೊಳ್ಳುವ ಜಾವಾ ತಂತ್ರಾಂಶದಲ್ಲಿ ಒಂದು ಸಂಜೆ ನೂರು ರೂಪಾಯಿಯ ಜಮೆಗಳು ಒಂದು ರೂಪಾಯಿ ಎಂದು ದಾಖಲಾದವು. ತಪ್ಪಿದ ಸಾಲನ್ನು ಬರೆದವರು ಆ ಸಾಲನ್ನು ಬಹಳ ಕಾಲದಿಂದ ಮುಟ್ಟಿರಲಿಲ್ಲ. ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಇದ್ದ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಭಾಷೆಯ ನಿಯಮ ಎಲ್ಲಿಯೂ ಮುರಿಯದೆ, ನಿಯಮದಂತೆಯೇ ನಡೆದು ಹುಟ್ಟಿದ ದೋಷವಾದ್ದರಿಂದ ಇದನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡುವುದು ಅಗತ್ಯವೆಂದು ನನಗೆ ಅನ್ನಿಸಿತು. ದೋಷದ ಮೂಲವನ್ನು ಹುಡುಕಿಕೊಡಲು ಸಂಘದವರು ನನ್ನನ್ನು ಕರೆದಿದ್ದರು. ಸಂಘದ ಹೆಸರಾಗಲಿ, ತಂತ್ರಾಂಶವನ್ನು ಸಿದ್ಧಪಡಿಸಿದ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಕಾಗಿಲ್ಲ.

ಹಿನ್ನೆಲೆ

ಸಂಘದ ಮುಖ್ಯ ವ್ಯವಹಾರ ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಆರಂಭಿಸಿದ ಈ ದೈನಿಕ ಉಳಿತಾಯ ಪದ್ಧತಿಯನ್ನು ಕರಾವಳಿಯಿಂದ ಮುಂಬಯಿಗೆ ಬಂದವರು ಇಲ್ಲಿಯೂ ಬಿಟ್ಟಿಲ್ಲ. ಹೋಟೆಲಿನವರು, ತರಕಾರಿ ಅಂಗಡಿಯವರು, ಟೈಲರ್‌ಗಳು ದಿನವೂ ಒಂದಿಷ್ಟು ಹಣವನ್ನು ಪಿಗ್ಮಿ ಏಜೆಂಟರ ಕೈಗೆ ಕೊಡುತ್ತಾರೆ. ಏಜೆಂಟರು ಕೈಯಲ್ಲಿರುವ ಸಣ್ಣ ಯಂತ್ರದಲ್ಲಿ ನಮೂದಿಸಿ, ಅಲ್ಲಿಯೇ ಚೀಟಿ ಮುದ್ರಿಸಿ ಕೊಟ್ಟು, ಸಂಜೆ ಕಚೇರಿಗೆ ಬಂದು ನಗದನ್ನು ಒಪ್ಪಿಸುತ್ತಾರೆ. ಯಂತ್ರದಲ್ಲಿರುವ ಕಡತ ಕಚೇರಿಯ ಸರ್ವರಿಗೆ ಏರುತ್ತದೆ.

ಪಿಗ್ಮಿ ಖಾತೆಗಳಲ್ಲಿ ಎರಡು ಬಗೆ. ಕೆಲವರು ದಿನಕ್ಕೆ ಇಷ್ಟೇ ಎಂದು ಕಂತನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಅಂಥವರ ವಿಷಯದಲ್ಲಿ ಏಜೆಂಟರು ಒಂದು ಗುಂಡಿ ಒತ್ತಿದರೆ ಸಾಕು. ಉಳಿದವರು ಅಂದಿನ ವ್ಯಾಪಾರ ನೋಡಿಕೊಂಡು ಕೊಡುತ್ತಾರೆ. ಅಲ್ಲಿ ಮೊತ್ತವನ್ನು ಕೈಯಾರೆ ಟೈಪು ಮಾಡಬೇಕು. ನಿಗದಿತ ಕಂತು ಯಾವಾಗಲೂ ಪೂರ್ಣ ರೂಪಾಯಿಗಳಲ್ಲೇ ಇರುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರ ನಂತರ ಚಲಾವಣೆಯಿಂದ ಹೋದ ಮೇಲೆ, ಕೈಯಿಂದ ಕೈಗೆ ಕೊಡುವ ಹಣದಲ್ಲಿ ಪೈಸೆಯ ಮಾತೇ ಹೆಚ್ಚುಕಡಿಮೆ ಇಲ್ಲವಾಗಿದೆ. ಆದ್ದರಿಂದ ಕೋಡ್ ಬರೆದವರು ನಿಗದಿತ ಕಂತನ್ನು ‘ಇಂಟ್’ (ಪೂರ್ಣಾಂಕ) ಆಗಿಯೂ, ಟೈಪು ಮಾಡಿದ ಮೊತ್ತವನ್ನು ‘ಡಬಲ್’ (ದಶಮಾಂಶವುಳ್ಳ ಸಂಖ್ಯೆ) ಆಗಿಯೂ ಇಟ್ಟುಕೊಂಡಿದ್ದರು. ಆ ಕಾಲಕ್ಕೆ ಅದು ಯಾರಿಗೂ ತೊಂದರೆ ಕೊಡದ ತೀರ್ಮಾನ.

ತಂತ್ರಾಂಶದಲ್ಲಿ ಪ್ರತಿಯೊಂದು ಜಮೆಯೂ ‘ವೋಚರ್’ ಎಂಬ ಕ್ಲಾಸಿನ, ಅಂದರೆ ಅಚ್ಚಿನ, ಒಂದು ಆಬ್ಜೆಕ್ಟ್. ಅದಕ್ಕೆ ಮೂರು ಕನ್‌ಸ್ಟ್ರಕ್ಟರ್‌ಗಳಿದ್ದವು, ಅಂದರೆ ಆಬ್ಜೆಕ್ಟನ್ನು ಕಟ್ಟಿಕೊಡುವ ಮೂರು ಕೋಡಿನ ತುಂಡುಗಳು. ಹೆಸರು ಒಂದೇ ಇದ್ದು, ಕೊಡಬೇಕಾದ ಮೌಲ್ಯಗಳು (ಆರ್ಗ್ಯುಮೆಂಟ್‌ಗಳು) ಮಾತ್ರ ಬೇರೆಯಾಗಿರುವುದಕ್ಕೆ ಓವರ್‌ಲೋಡಿಂಗ್ ಎನ್ನುತ್ತಾರೆ. ಮೊದಲನೆಯದಕ್ಕೆ ಖಾತೆ ಸಂಖ್ಯೆ ಮತ್ತು ಮೊತ್ತ ಕೊಟ್ಟರೆ ಸಾಕು, ದಿನಾಂಕವನ್ನು ಅಂದಿನದೆಂದೇ ಹಿಡಿಯುತ್ತದೆ. ಎರಡನೆಯದಕ್ಕೆ ದಿನಾಂಕವನ್ನೂ ಕೊಡಬಹುದು. ಮೂರನೆಯದಕ್ಕೆ ಏಜೆಂಟರ ಕೋಡನ್ನೂ ಸೇರಿಸಬಹುದು. ಚಿಕ್ಕದು ‘ದಿಸ್’ ಮೂಲಕ ದೊಡ್ಡದನ್ನು ಕರೆಯುತ್ತಿತ್ತು. ಕನ್‌ಸ್ಟ್ರಕ್ಟರುಗಳನ್ನು ಹೀಗೆ ಸರಪಳಿಯಾಗಿ ಕಟ್ಟುವುದು ಜಾವಾದಲ್ಲಿ ಸರ್ವೇಸಾಮಾನ್ಯ, ಮತ್ತು ಇಲ್ಲಿ ಅದನ್ನು ಸರಿಯಾಗಿಯೇ ಮಾಡಲಾಗಿತ್ತು. ಮೂರರಲ್ಲಿಯೂ ಖಾತೆ ಸಂಖ್ಯೆ ‘ಲಾಂಗ್’ (‘ಇಂಟ್’ಗಿಂತ ದೊಡ್ಡ ಪೂರ್ಣಾಂಕ), ಮೊತ್ತ ‘ಡಬಲ್’. ಮೊತ್ತ ಎಂದರೆ ರೂಪಾಯಿ.

ಹಣವನ್ನು ‘ಡಬಲ್’ನಲ್ಲಿ ಇಡಬಾರದೆಂಬುದು ಅನುಭವಸ್ಥರೆಲ್ಲರೂ ಹೇಳುವ ಮಾತು. 0.1 ಎಂಬ ಸಂಖ್ಯೆಯನ್ನು ದ್ವಿಮಾನದಲ್ಲಿ ಪೂರ್ತಿಯಾಗಿ ಬರೆಯಲು ಸಾಧ್ಯವಿಲ್ಲ; ಹತ್ತು ಸಲ ಕೂಡಿದರೆ 1 ಬರಬೇಕಾದಲ್ಲಿ 0.9999999999999999 ಬರುತ್ತದೆ. ಬಡ್ಡಿ ಲೆಕ್ಕದಲ್ಲಿ ಪೈಸೆಗಳು ಬರುವುದರಿಂದ ಸಂಘದ ವರ್ಷಾಂತ್ಯದ ತಾಳೆಯಲ್ಲಿ ಒಂದೆರಡು ಪೈಸೆಯ ವ್ಯತ್ಯಾಸ ಕಾಣಿಸಿಕೊಳ್ಳುತ್ತಿತ್ತು. ಅದನ್ನು ನಿವಾರಿಸಲು ಎಲ್ಲ ಮೊತ್ತಗಳನ್ನೂ ಪೈಸೆಯ ಪೂರ್ಣಾಂಕಗಳಾಗಿ ‘ಲಾಂಗ್’ನಲ್ಲಿ ಇಡಬೇಕೆಂದು ನಿರ್ಧಾರವಾಯಿತು. ನಿರ್ಧಾರ ಸರಿಯಾದದ್ದೇ. ಎಲ್ಲವನ್ನೂ ಒಮ್ಮೆಲೇ ಬದಲಿಸದೆ ಹಂತಹಂತವಾಗಿ ಬದಲಿಸೋಣ ಎಂದುಕೊಂಡು, ಪುಣೆಯಲ್ಲಿ ಕುಳಿತು ಈ ಕೆಲಸ ನೋಡಿಕೊಳ್ಳುತ್ತಿದ್ದ ಬೆಳಗಾವಿ ಕಡೆಯ ಯುವಕರು ಹಳೆಯ ಮೂರು ಕನ್‌ಸ್ಟ್ರಕ್ಟರುಗಳನ್ನು ಹಾಗೆಯೇ ಬಿಟ್ಟು ನಾಲ್ಕನೆಯದೊಂದನ್ನು ಸೇರಿಸಿದರು: ವೋಚರ್(ಲಾಂಗ್ ಖಾತೆ, ಲಾಂಗ್ ಪೈಸೆ). ಬಡ್ಡಿಯ ಭಾಗ ಅದನ್ನು ಬಳಸತೊಡಗಿತು ಮತ್ತು ಸರಿಯಾಗಿ ನಡೆಯಿತು. ಆ ಕೋಡಿನ ಜಾರ್, ಅಂದರೆ ಕಂಪೈಲ್ ಆದ ಕಡತಗಳ ಕಟ್ಟು, ಸಂಘದ ಸರ್ವರಿನಲ್ಲಿ ಹಲವು ವಾರ ಯಾವ ತೊಂದರೆಯೂ ಇಲ್ಲದೆ ಓಡಿತು.

ಆ ಸಂಜೆ ಕಂಡದ್ದು

ವಸೂಲಿಯ ಭಾಗ ಬೇರೆಯೇ ಒಂದು ಜಾರ್. ಚೀಟಿಯಲ್ಲಿ ಸಂಘದ ವಿಳಾಸವನ್ನು ಮರಾಠಿಯಲ್ಲೂ ಮುದ್ರಿಸಬೇಕೆಂದು ಬೇಡಿಕೆ ಬಂದಾಗ ಅದರಲ್ಲಿ ಮುದ್ರಣಕ್ಕೆ ಸಂಬಂಧಿಸಿದ ಒಂದೆರಡು ಸಾಲು ಬದಲಾಯಿತು, ಜಾರ್ ಹೊಸದಾಗಿ ಬಿಲ್ಡ್ ಆಯಿತು (ಮತ್ತೆ ಕಂಪೈಲ್ ಆಗಿ ಕಟ್ಟಾಯಿತು), ಬೆಳಿಗ್ಗೆ ಸರ್ವರಿಗೆ ಹೋಯಿತು. ಅಂದಿನ ಸಂಜೆ ಆಖೈರು ಶಿಲ್ಕು ತಾಳೆಯಾಗಲಿಲ್ಲ. ಕ್ಯಾಷಿಯರ್ ಕಾರ್ಕಳ ಕಡೆಯ ಹಿರಿಯರು, ಅವರು ನನ್ನೊಡನೆ ಆಡಿದ ಮೊದಲ ಮಾತಿನಲ್ಲೇ ಪರಿಸ್ಥಿತಿ ಸ್ಪಷ್ಟವಾಗಿತ್ತು: “ದುಡ್ಡು ಪೆಟ್ಟಿಗೆಯಲ್ಲಿ ಸರಿಯಾಗಿ ಉಂಟು ಮಾರಾಯ್ರೆ, ಪುಸ್ತಕದಲ್ಲೇ ಇಲ್ಲ.”

ಮೊದಲ ನೋಟಕ್ಕೆ ದೋಷದಲ್ಲಿ ಯಾವ ಕ್ರಮವೂ ಕಾಣುತ್ತಿರಲಿಲ್ಲ. ಒಬ್ಬರೇ ಏಜೆಂಟರ ಒಂದೇ ದಿನದ ಪಟ್ಟಿಯಲ್ಲಿ ಕೆಲವು ಜಮೆಗಳು ಸರಿಯಾಗಿದ್ದವು, ಕೆಲವು ನೂರನೆಯ ಒಂದು ಪಾಲಿಗೆ ಇಳಿದಿದ್ದವು. ಗ್ರಾಹಕರ ಕೈಯಲ್ಲಿದ್ದ ಚೀಟಿಗಳೆಲ್ಲ ಸರಿ, ಏಕೆಂದರೆ ಅವು ಯಂತ್ರದಲ್ಲೇ ಮುದ್ರಣವಾದಂಥವು. ಸರ್ವರಿಗೆ ಏರಿದ ಕಡತವನ್ನು ತೆರೆದು ನೋಡಿದಾಗ ಅಲ್ಲಿಯೂ ಎಲ್ಲ ಮೊತ್ತಗಳು ಸರಿಯಾಗಿದ್ದವು. ಅಂದರೆ ಕಡತವನ್ನು ಓದಿದ ಮೇಲೆ, ದಿನವಹಿಗೆ ಬರೆಯುವ ಮುನ್ನ ಎಲ್ಲೋ ನೂರರಿಂದ ಭಾಗಾಕಾರವಾಗಿದೆ.

ಪಟ್ಟಿಯ ಪ್ರತಿ ಸಾಲಿನ ಎದುರು ಖಾತೆಯ ಬಗೆಯನ್ನು ಬರೆಯುತ್ತಾ ಹೋದಾಗ ಕ್ರಮ ಕಾಣಿಸಿತು. ಕೈಯಾರೆ ಟೈಪು ಮಾಡಿದ ಮೊತ್ತಗಳೆಲ್ಲ ಸರಿ. ತಪ್ಪಿದವೆಲ್ಲ ನಿಗದಿತ ಕಂತಿನವು. ಆದರೆ ನಿಗದಿತ ಕಂತಿನಲ್ಲೂ ಕೆಲವು ಸರಿಯಾಗಿದ್ದವು, ಮತ್ತು ಅವುಗಳಲ್ಲೇ ನಿಜವಾದ ಸುಳಿವು ಇತ್ತು: ಅವೆಲ್ಲ ಹಿಂದಿನ ದಿನ ನೆಟ್‌ವರ್ಕ್ ಸಿಗದೆ ಉಳಿದು, ಅಂದು ಹಿಂದಿನ ತಾರೀಖಿನಲ್ಲಿ ಏರಿದ ಜಮೆಗಳು. ಹೀಗೆ ತಪ್ಪಿದ ವೋಚರ್‌ಗಳಿಗೆ ಎರಡು ಲಕ್ಷಣ ಖಚಿತವಾದವು. ಮೊತ್ತ ‘ಇಂಟ್’ ಆಗಿರಬೇಕು, ದಿನಾಂಕ ಕೊಡದೆ ಇರಬೇಕು. ದಿನಾಂಕ ಕೊಡದ ಕನ್‌ಸ್ಟ್ರಕ್ಟರ್ ಎಂದರೆ ಎರಡು ಆರ್ಗ್ಯುಮೆಂಟ್‌ಗಳದ್ದು. ಆ ಸ್ಥಾನದಲ್ಲಿ ಮಾತ್ರ ಈಗ ಇಬ್ಬರಿದ್ದಾರೆ.

ಪುಣೆಯ ಯುವಕರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರ ಉತ್ತರ ಪ್ರಾಮಾಣಿಕವಾಗಿತ್ತು: “ಹಳೇದಕ್ಕ ನಾ ಕೈ ಹಚ್ಚಿಲ್ರೀ ಸರ್, ಹೊಸಾದೊಂದು ಸೇರಿಸೀನಿ ಅಷ್ಟ.” ಅವರು ಹೇಳಿದ್ದು ನಿಜ. ಓವರ್‌ಲೋಡಿಂಗಿನ ಅಪಾಯ ಇರುವುದೇ ಆ ಮಾತಿನಲ್ಲಿ. ಹಳೆಯ ಕನ್‌ಸ್ಟ್ರಕ್ಟರನ್ನು ಮುಟ್ಟದಿದ್ದರೂ, ಅದರ ಪಕ್ಕದಲ್ಲಿ ಹೊಸದು ಬಂದು ನಿಂತ ಕೂಡಲೇ ಹಳೆಯ ಕರೆಗಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮತ್ತೊಮ್ಮೆ ಏಳುತ್ತದೆ.

ಕಂಪೈಲರ್ ಆಯ್ದುಕೊಂಡ ಬಗೆ

ಒಂದೇ ಹೆಸರಿನ ಹಲವು ಮೆಥಡ್‌ಗಳಲ್ಲಿ (ಹೆಸರಿಟ್ಟು ಕರೆಯುವ ಕೋಡಿನ ತುಂಡುಗಳಲ್ಲಿ), ಅಥವಾ ಒಂದೇ ಕ್ಲಾಸಿನ ಹಲವು ಕನ್‌ಸ್ಟ್ರಕ್ಟರ್‌ಗಳಲ್ಲಿ, ಯಾವುದನ್ನು ಕರೆಯಬೇಕೆಂಬುದನ್ನು ಜಾವಾ ಕಂಪೈಲ್ ಆಗುವ ಹೊತ್ತಿನಲ್ಲೇ ನಿರ್ಧರಿಸುತ್ತದೆ. ಓವರ್‌ರೈಡಿಂಗಿನಲ್ಲಿ, ಅಂದರೆ ಒಂದು ಕ್ಲಾಸಿನ ಮೆಥಡನ್ನು ಅದರಿಂದ ಹುಟ್ಟಿದ ಕ್ಲಾಸು ಬದಲಿಸಿ ಬರೆದಾಗ, ಪ್ರೋಗ್ರಾಮು ಓಡುವಾಗ ಎದುರಿಗಿರುವ ಆಬ್ಜೆಕ್ಟನ್ನು ನೋಡಿ ತೀರ್ಮಾನವಾಗುತ್ತದೆ. ಓವರ್‌ಲೋಡಿಂಗಿನಲ್ಲಿ ಕೋಡಿನಲ್ಲಿ ಬರೆದಿರುವ ಟೈಪುಗಳನ್ನು, ಅಂದರೆ ‘ಇಂಟ್’, ‘ಡಬಲ್’ನಂಥ ಬಗೆಗಳನ್ನು, ನೋಡಿಯೇ ತೀರ್ಮಾನ ಮುಗಿದುಹೋಗಿರುತ್ತದೆ. ಪ್ಯಾರಾಮೀಟರಿನ ಹೆಸರು ‘ರೂಪಾಯಿ’ಯೋ ‘ಪೈಸೆ’ಯೋ ಎಂಬುದು ಕಂಪೈಲರಿಗೆ ಲೆಕ್ಕಕ್ಕಿಲ್ಲ. ಟೈಪುಗಳ ಪಟ್ಟಿ ಮತ್ತು ಅವುಗಳ ಅನುಕ್ರಮ, ಇಷ್ಟೇ ಅದಕ್ಕೆ ಕಾಣುವುದು.

ಆಯ್ಕೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಟೈಪು ನೇರವಾಗಿ ಹೊಂದುವ, ಅಥವಾ ಚಿಕ್ಕ ಟೈಪು ದೊಡ್ಡದಕ್ಕೆ ಹಿಗ್ಗಿ ಹೊಂದುವ ಅಭ್ಯರ್ಥಿಗಳನ್ನು ಮಾತ್ರ ನೋಡಲಾಗುತ್ತದೆ. ಅಲ್ಲಿ ಯಾರೂ ಸಿಗದಿದ್ದರೆ ಎರಡನೆಯ ಹಂತದಲ್ಲಿ ‘ಇಂಟ್’ ಮತ್ತು ಅದರ ಆಬ್ಜೆಕ್ಟ್ ರೂಪವಾದ ‘ಇಂಟಿಜರ್’ ನಡುವಿನಂಥ ಬಾಕ್ಸಿಂಗ್ ಪರಿವರ್ತನೆಗೆ ಅವಕಾಶ. ಅಲ್ಲಿಯೂ ಸಿಗದಿದ್ದರೆ ಮೂರನೆಯ ಹಂತದಲ್ಲಿ ಎಷ್ಟು ಆರ್ಗ್ಯುಮೆಂಟ್‌ಗಳನ್ನಾದರೂ ಸ್ವೀಕರಿಸುವ ವಾರ್‌ಆರ್ಗ್ಸ್ ರೂಪಗಳು. ಬಾಕ್ಸಿಂಗ್ ಮತ್ತು ವಾರ್‌ಆರ್ಗ್ಸ್ ಎರಡೂ 2004ರ ಜಾವಾ 5ರಲ್ಲಿ ಬಂದವು; ಅವು ಬರುವ ಮೊದಲೇ ಬರೆದಿದ್ದ ಕೋಡಿನ ಅರ್ಥ ಬದಲಾಗಬಾರದೆಂಬ ಕಾಳಜಿಯಿಂದ ಅವುಗಳನ್ನು ಕೊನೆಯ ಹಂತಗಳಿಗೆ ತಳ್ಳಲಾಯಿತು. ಭಾಷೆಯನ್ನು ರೂಪಿಸಿದವರು ಈ ಎಚ್ಚರವನ್ನು ತಮ್ಮ ಮಟ್ಟಿಗೆ ವಹಿಸಿದ್ದರು.

ನಮ್ಮ ಪ್ರಕರಣ ಮೊದಲ ಹಂತದಲ್ಲೇ ಮುಗಿಯುತ್ತದೆ. ವಸೂಲಿಯ ಕೋಡಿನಲ್ಲಿದ್ದ ಸಾಲು: ನ್ಯೂ ವೋಚರ್(ಖಾತೆ, ಕಂತು). ‘ಕಂತು’ ಒಂದು ‘ಇಂಟ್’. ನಾಲ್ಕನೆಯ ಕನ್‌ಸ್ಟ್ರಕ್ಟರ್ ಬರುವ ಮೊದಲು ಎರಡು ಆರ್ಗ್ಯುಮೆಂಟ್‌ಗಳಿಗೆ ಇದ್ದದ್ದು ‘ಡಬಲ್’ ಒಂದೇ, ಆದ್ದರಿಂದ 100 ಎಂಬುದು 100.0 ಆಗಿ ಹಿಗ್ಗಿ ನೂರು ರೂಪಾಯಿಯಾಗುತ್ತಿತ್ತು. ಹೊಸದು ಬಂದ ಮೇಲೆ ‘ಇಂಟ್’ ಎಂಬುದು ‘ಲಾಂಗ್’ಗೂ ಹಿಗ್ಗಬಹುದು, ‘ಡಬಲ್’ಗೂ ಹಿಗ್ಗಬಹುದು, ಇಬ್ಬರೂ ಅರ್ಹರು. ಅರ್ಹರು ಒಬ್ಬರಿಗಿಂತ ಹೆಚ್ಚಿದ್ದಾಗ ಹೆಚ್ಚು ನಿರ್ದಿಷ್ಟವಾದುದನ್ನು ಆರಿಸಬೇಕೆಂಬುದು ನಿಯಮ. ಜಾವಾದ ಸಂಖ್ಯಾ ಟೈಪುಗಳ ಸಾಲಿನಲ್ಲಿ ‘ಇಂಟ್’ ಆದ ಮೇಲೆ ‘ಲಾಂಗ್’, ಆಮೇಲೆ ದಶಮಾಂಶದ ಚಿಕ್ಕ ಟೈಪಾದ ‘ಫ್ಲೋಟ್’, ಕೊನೆಗೆ ‘ಡಬಲ್’. ಈ ಸಾಲಿನಲ್ಲಿ ‘ಲಾಂಗ್’ ಹೆಚ್ಚು ಹತ್ತಿರದ್ದು, ಹಾಗಾಗಿ ಹೆಚ್ಚು ನಿರ್ದಿಷ್ಟವಾದದ್ದು. ಕಂಪೈಲರ್ ಅದನ್ನೇ ಆರಿಸಿತು, ನೂರು ಎಂಬುದು ನೂರು ಪೈಸೆಯಾಯಿತು.

ದ್ವಿತೀಯ ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಮೂಲಕ ಓವರ್‌ಲೋಡಿಂಗ್ ಕಲಿತವರು ಇಲ್ಲಿ ಬೇರೆಯದನ್ನೇ ನಿರೀಕ್ಷಿಸುತ್ತಾರೆ, ಮತ್ತು ಅವರ ನಿರೀಕ್ಷೆಗೆ ಆಧಾರವಿದೆ. ಇದೇ ಎರಡು ಕನ್‌ಸ್ಟ್ರಕ್ಟರುಗಳನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ‘ಇಂಟ್’ ಕೊಟ್ಟು ಕರೆದರೆ, ‘ಇಂಟ್’ನಿಂದ ‘ಲಾಂಗ್’ಗೆ ಹೋಗುವುದೂ ‘ಡಬಲ್’ಗೆ ಹೋಗುವುದೂ ಸಮಾನ ದರ್ಜೆಯ ಪರಿವರ್ತನೆಗಳಾದ್ದರಿಂದ, ಕರೆ ಸಂದಿಗ್ಧವಾಗಿದೆ ಎಂದು ಕಂಪೈಲರ್ ಅಲ್ಲಿಯೇ ನಿಲ್ಲಿಸಿಬಿಡುತ್ತದೆ. ಜಾವಾದಲ್ಲಿಯೂ ಸಿ ಶಾರ್ಪ್‌ನಲ್ಲಿಯೂ ಅದು ಸದ್ದಿಲ್ಲದೆ ‘ಲಾಂಗ್’ ಕಡೆಗೆ ಹೋಗುತ್ತದೆ. ಹಣದ ಲೆಕ್ಕ ಬರೆಯುವ ಕೋಡಿನಲ್ಲಿ ನಿಲ್ಲಿಸಿ ಕೇಳುವ ಕಂಪೈಲರೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಬಳಸುವ ಭಾಷೆಯ ನಿಯಮವನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕಾಗುತ್ತದೆ.

ಟೆಸ್ಟ್‌ಗಳು ಇದನ್ನು ಹಿಡಿಯಲಿಲ್ಲ ಏಕೆಂದರೆ ಹಳೆಯ ಟೆಸ್ಟ್‌ಗಳಲ್ಲಿ ಮೊತ್ತವನ್ನು 100.0 ಎಂದೇ ಬರೆದಿದ್ದರು, ಹೊಸ ಟೆಸ್ಟ್‌ಗಳಲ್ಲಿ ಕೊನೆಗೆ ‘ಎಲ್’ ಹಚ್ಚಿ ಸ್ಪಷ್ಟವಾಗಿ ‘ಲಾಂಗ್’ ಎಂದು ಬರೆದಿದ್ದರು. ಬರಿಯ 100 ಎಂಬುದನ್ನು ಕೊಟ್ಟು ನೋಡಿದ ಟೆಸ್ಟ್ ಒಂದೂ ಇರಲಿಲ್ಲ.

ಹಳೆಯ ಜಾರ್ ಸರಿಯಾಗಿದ್ದುದಕ್ಕೆ ಕಾರಣ

ಹೊಸ ಕನ್‌ಸ್ಟ್ರಕ್ಟರ್ ಬಂದು ಹಲವು ವಾರ ಕಳೆದರೂ ವಸೂಲಿ ಏಕೆ ಸರಿಯಾಗಿ ನಡೆಯಿತು, ಮುದ್ರಣದ ಸಾಲು ಬದಲಾದ ದಿನವೇ ಏಕೆ ತಪ್ಪಿತು ಎಂಬ ಪ್ರಶ್ನೆಗೆ ಉತ್ತರ ಕ್ಲಾಸ್ ಕಡತದ ಒಳಗಿದೆ. ಜಾವಾ ಕಂಪೈಲರ್ ತಾನು ಆರಿಸಿದ ಕನ್‌ಸ್ಟ್ರಕ್ಟರಿನ ಟೈಪುಗಳನ್ನು ಕರೆಯುವವರ ಕ್ಲಾಸ್ ಕಡತದಲ್ಲೇ ಬರೆದಿಡುತ್ತದೆ. ‘ಜಾವಾಪ್’ ಎಂಬ ಉಪಕರಣದಿಂದ ಕಡತವನ್ನು ಬಿಚ್ಚಿ ನೋಡಿದರೆ ಆ ಬರಹ ಕಾಣುತ್ತದೆ. ಅಲ್ಲಿ ‘ಡಬಲ್’ಗೆ ‘ಡಿ’ ಎಂಬ ಅಕ್ಷರ, ‘ಲಾಂಗ್’ಗೆ ‘ಜೆ’ ಎಂಬ ಅಕ್ಷರ. ‘ಎಲ್’ ಎಂಬುದನ್ನು ಕ್ಲಾಸುಗಳ ಹೆಸರಿಗೆಂದು ಮೀಸಲಿಟ್ಟಿರುವುದರಿಂದ ‘ಲಾಂಗ್’ಗೆ ಅದು ಸಿಕ್ಕಿಲ್ಲ. ಹಳೆಯ ವಸೂಲಿ ಜಾರ್ ಬಿಚ್ಚಿದಾಗ ಆ ಸಾಲಿನಲ್ಲಿ ‘ಜೆ ಡಿ’ ಎಂದಿತ್ತು. ಹೊಸ ಜಾರಿನಲ್ಲಿ ಅದೇ ಸಾಲಿಗೆ ‘ಜೆ ಜೆ’ ಎಂದಿತ್ತು. ಮೂಲ ಕೋಡಿನಲ್ಲಿ ಆ ಸಾಲು ಒಂದು ಅಕ್ಷರವೂ ಬದಲಾಗಿರಲಿಲ್ಲ.

ವೋಚರ್ ಕ್ಲಾಸಿನಲ್ಲಿ ಏನೇ ಸೇರಿದರೂ, ವಸೂಲಿ ಜಾರ್ ಮತ್ತೆ ಕಂಪೈಲ್ ಆಗುವವರೆಗೆ ಅದು ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಮತ್ತೆ ಕಂಪೈಲ್ ಆದ ಕ್ಷಣದಲ್ಲಿ ಆಯ್ಕೆ ಹೊಸದಾಗಿ ನಡೆಯಿತು. ದೋಷವನ್ನು ಹುಡುಕುವವರು ಸಹಜವಾಗಿ ಕೊನೆಯ ಬದಲಾವಣೆಯನ್ನು, ಅಂದರೆ ಮರಾಠಿ ವಿಳಾಸದ ಸಾಲನ್ನು, ಮತ್ತೆ ಮತ್ತೆ ನೋಡುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಪುಣೆಯವರು ಆ ಸಂಜೆ ಮೊದಲು ಮಾಡಿದ್ದೂ ಅದನ್ನೇ. ಒಂದು ಭಾಗವನ್ನು ಮಾತ್ರ ಬಿಲ್ಡ್ ಮಾಡಿ ಕಳಿಸುವ ಪದ್ಧತಿ ಇರುವ ಕಡೆಗಳಲ್ಲಿ ಓವರ್‌ಲೋಡಿನ ದೋಷಗಳು ಹೀಗೆ ತಡವಾಗಿ, ಸಂಬಂಧವೇ ಇಲ್ಲದ ದಿನದಂದು ಹೊರಬೀಳುತ್ತವೆ.

ಓವರ್‌ಲೋಡ್ ಎಲ್ಲಿ ಸಲ್ಲುತ್ತದೆ

ಈ ಪ್ರಕರಣವನ್ನು ಕೇಳಿದ ಕೆಲವರು ಓವರ್‌ಲೋಡಿಂಗನ್ನೇ ಬಿಟ್ಟುಬಿಡಬೇಕೆಂದರು. ನಾನು ಒಪ್ಪುವುದಿಲ್ಲ. ಇದೇ ಬಗೆಯ ಬದಲಾವಣೆ ಜಾವಾದ ಸ್ವಂತ ಗ್ರಂಥಾಲಯದಲ್ಲೇ ನಡೆದಿದೆ. ದಶಮಾಂಶ ಸಂಖ್ಯೆಗಳನ್ನು ಕರಾರುವಾಕ್ಕಾಗಿ ಇಡುವ ‘ಬಿಗ್‌ಡೆಸಿಮಲ್’ ಕ್ಲಾಸಿಗೆ ಮೊದಲು ‘ಇಂಟ್’ ಸ್ವೀಕರಿಸುವ ಕನ್‌ಸ್ಟ್ರಕ್ಟರ್ ಇರಲಿಲ್ಲ. 50 ಎಂದು ಕೊಟ್ಟರೆ ‘ಡಬಲ್’ನ ಕನ್‌ಸ್ಟ್ರಕ್ಟರಿಗೆ ಹೋಗುತ್ತಿತ್ತು. ಜಾವಾ 5ರಲ್ಲಿ ‘ಇಂಟ್’ಗೂ ‘ಲಾಂಗ್’ಗೂ ಬೇರೆಬೇರೆ ಕನ್‌ಸ್ಟ್ರಕ್ಟರುಗಳು ಬಂದವು. ಮತ್ತೆ ಕಂಪೈಲ್ ಮಾಡಿದ ಕೋಡಿನಲ್ಲಿ 50 ಹೊಸ ಕಡೆಗೆ ಹೋಯಿತು, ಸಂಘದ ವಸೂಲಿಯಲ್ಲಿ ನಡೆದಂತೆಯೇ. ಆದರೆ ಯಾರ ಲೆಕ್ಕವೂ ಕೆಡಲಿಲ್ಲ, ಏಕೆಂದರೆ ಯಾವ ಬಾಗಿಲಿನಿಂದ ಒಳಗೆ ಹೋದರೂ 50 ಎಂಬುದರ ಬೆಲೆ ಐವತ್ತೇ. 2014ರ ಜಾವಾ 8ರಲ್ಲಿ ಬಂದ ‘ಲೋಕಲ್‌ಡೇಟ್’ ಕ್ಲಾಸಿನ ‘ಆಫ್’ ಮೆಥಡ್ ಕೂಡ ಹೀಗೆಯೇ: ತಿಂಗಳನ್ನು 8 ಎಂದಾದರೂ ಕೊಡಬಹುದು, ‘ಮಂತ್’ ಎಂಬ ಟೈಪಿನ ಆಗಸ್ಟ್ ಎಂದಾದರೂ ಕೊಡಬಹುದು. ರೂಪ ಬೇರೆ, ಹೇಳುತ್ತಿರುವುದು ಒಂದೇ ದಿನಾಂಕ.

ಅರ್ಥವೇ ಬೇರೆಯಾದಾಗ ಪರಿಣಾಮ ಬೇರೆ. ‘ಸ್ಟ್ರಿಂಗ್‌ಬಿಲ್ಡರ್’ ಕ್ಲಾಸಿನ ಒಂದು ಕನ್‌ಸ್ಟ್ರಕ್ಟರ್ ಸ್ಟ್ರಿಂಗ್ ಸ್ವೀಕರಿಸಿ ಅದನ್ನೇ ಆರಂಭದ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಇನ್ನೊಂದು ‘ಇಂಟ್’ ಸ್ವೀಕರಿಸಿ ಅಷ್ಟು ಅಕ್ಷರಗಳಿಗೆ ಜಾಗ ಮಾಡಿಕೊಳ್ಳುತ್ತದೆ. ಒಂದೇ ಒಂದು ಅಕ್ಷರವನ್ನು, ಉದಾಹರಣೆಗೆ ‘ಕ’ವನ್ನು, ‘ಚಾರ್’ ಆಗಿ ಕೊಟ್ಟರೆ ‘ಕ’ ಎಂಬ ಪಠ್ಯ ಸಿಗುವುದಿಲ್ಲ. ‘ಚಾರ್’ ಹಿಗ್ಗಿ ‘ಇಂಟ್’ ಆಗುತ್ತದೆ, ಯೂನಿಕೋಡಿನಲ್ಲಿ ‘ಕ’ದ ಸಂಖ್ಯೆ 3221 ಆದ್ದರಿಂದ 3221 ಅಕ್ಷರಗಳಷ್ಟು ಖಾಲಿ ಜಾಗ ಸಿಗುತ್ತದೆ. ‘ಲಿಸ್ಟ್’ನ ‘ರಿಮೂವ್’ ಮೆಥಡ್‌ನದೂ ಇದೇ ಕಥೆ: ‘ಇಂಟ್’ ಕೊಟ್ಟರೆ ಆ ಸ್ಥಾನದಲ್ಲಿರುವುದನ್ನು ತೆಗೆಯುತ್ತದೆ, ಆಬ್ಜೆಕ್ಟ್ ಕೊಟ್ಟರೆ ಆ ಬೆಲೆಯನ್ನೇ ಹುಡುಕಿ ತೆಗೆಯುತ್ತದೆ; ‘ಇಂಟಿಜರ್’ಗಳ ಪಟ್ಟಿಯಲ್ಲಿ ಈ ಎರಡನ್ನು ಗೊಂದಲ ಮಾಡಿಕೊಳ್ಳದ ಪ್ರೋಗ್ರಾಮರ್ ಅಪರೂಪ.

ರೂಪಾಯಿ ಮತ್ತು ಪೈಸೆ ಈ ಎರಡನೆಯ ಗುಂಪಿಗೆ ಸೇರಿದವು. ಅವುಗಳ ನಡುವಿನ ವ್ಯತ್ಯಾಸ ಅರ್ಥದಲ್ಲಿದೆಯೇ ಹೊರತು ಟೈಪಿನಲ್ಲಿಲ್ಲ. ‘ಡಬಲ್’ ಎಂದರೆ ರೂಪಾಯಿ, ‘ಲಾಂಗ್’ ಎಂದರೆ ಪೈಸೆ ಎಂಬುದು ಬರೆದವರ ಮನಸ್ಸಿನಲ್ಲಿದ್ದ ಒಪ್ಪಂದ ಮಾತ್ರ. ಸಾಮಾನ್ಯ ಮೆಥಡ್ ಆಗಿದ್ದರೆ ಬೇರೆ ಹೆಸರಿಟ್ಟು ಪಾರಾಗಬಹುದಿತ್ತು. ಕನ್‌ಸ್ಟ್ರಕ್ಟರಿಗೆ ಆ ಸ್ವಾತಂತ್ರ್ಯವಿಲ್ಲ, ಅದರ ಹೆಸರು ಕ್ಲಾಸಿನ ಹೆಸರೇ ಆಗಿರಬೇಕು. ಆದ್ದರಿಂದ ಮೆಥಡ್‌ಗಳಲ್ಲಿ ಓವರ್‌ಲೋಡ್ ನಮ್ಮ ಆಯ್ಕೆಯಾದರೆ, ಎರಡನೆಯ ಕನ್‌ಸ್ಟ್ರಕ್ಟರ್ ಬರೆದೊಡನೆ ಓವರ್‌ಲೋಡ್ ಅನಿವಾರ್ಯವಾಗುತ್ತದೆ. ಕನ್‌ಸ್ಟ್ರಕ್ಟರ್ ಸೇರಿಸುವಾಗ ಹೆಚ್ಚಿನ ಎಚ್ಚರ ಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಪಕ್ಕದಲ್ಲಿರುವ ಹಳೆಯದಕ್ಕೂ ಹೊಸದಕ್ಕೂ ಒಂದೇ 100 ಕೊಟ್ಟು, ಎರಡರಿಂದಲೂ ಒಂದೇ ಆಬ್ಜೆಕ್ಟ್ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಬರುವುದಿಲ್ಲವೆಂದಾದರೆ ಅವು ಒಂದೇ ಹೆಸರಿನಡಿ ಇರಕೂಡದು.

ದುರಸ್ತಿ

ಅಂದಿನ ರಾತ್ರಿಯ ಮಟ್ಟಿಗೆ ಹಳೆಯ ವಸೂಲಿ ಜಾರನ್ನೇ ಮರಳಿ ಹಾಕಲಾಯಿತು. ದಾಖಲಾಗಿದ್ದ ತಪ್ಪು ವೋಚರ್‌ಗಳನ್ನು ತಿದ್ದಲಿಲ್ಲ, ಅಳಿಸಲೂ ಇಲ್ಲ; ಲೆಕ್ಕದ ಪುಸ್ತಕದಲ್ಲಿ ಹಾಗೆ ಮಾಡುವುದು ಸಲ್ಲದು. ಏಜೆಂಟರ ಯಂತ್ರಗಳಿಂದ ಬಂದಿದ್ದ ಮೂಲ ಕಡತದೊಡನೆ ಒಂದೊಂದನ್ನೂ ಹೋಲಿಸಿ, ಕಡಿಮೆ ಬಿದ್ದ ಮೊತ್ತಕ್ಕೆ ಮೂಲ ವೋಚರಿನ ಸಂಖ್ಯೆಯನ್ನು ಉಲ್ಲೇಖಿಸಿ ಹೊಂದಾಣಿಕೆಯ ನಮೂದು ಹಾಕಲಾಯಿತು. ಏಜೆಂಟರ ಕಮಿಷನ್ ತಿಂಗಳ ಕೊನೆಗೆ ಲೆಕ್ಕವಾಗುವುದರಿಂದ ಅದಕ್ಕೆ ಪೆಟ್ಟು ಬೀಳಲಿಲ್ಲ.

ಕೋಡಿನ ದುರಸ್ತಿಗೆ ಮೊದಲು ‘ಮೊತ್ತ’ ಎಂಬ ಪ್ರತ್ಯೇಕ ಕ್ಲಾಸನ್ನು ಬರೆಯಲಾಯಿತು. ಅದರ ಒಳಗಿರುವುದು ಪೈಸೆಯ ಒಂದು ‘ಲಾಂಗ್’ ಮಾತ್ರ. ಅದರ ಕನ್‌ಸ್ಟ್ರಕ್ಟರ್ ‘ಪ್ರೈವೇಟ್’, ಹೊರಗಿನವರು ಕರೆಯಲಾರರು. ಹೊರಗಿನವರಿಗೆ ಎರಡು ಸ್ಟ್ಯಾಟಿಕ್ ಮೆಥಡ್‌ಗಳು (ಆಬ್ಜೆಕ್ಟ್ ಇಲ್ಲದೆಯೇ ಕರೆಯಬಹುದಾದವು): ‘ರೂಪಾಯಿಯಿಂದ’ ಮತ್ತು ‘ಪೈಸೆಯಿಂದ’. ಬರೆಯುವವರು ಯಾವುದೆಂದು ಹೆಸರಿನಲ್ಲೇ ಹೇಳಲೇಬೇಕು. ವೋಚರಿನ ಕನ್‌ಸ್ಟ್ರಕ್ಟರುಗಳು ಮತ್ತೆ ಮೂರಾದವು, ಮೂರೂ ‘ಮೊತ್ತ’ವನ್ನೇ ಸ್ವೀಕರಿಸುತ್ತವೆ. ಅವು ಇನ್ನೂ ಓವರ್‌ಲೋಡ್ ಆಗಿಯೇ ಇವೆ. ದಿನಾಂಕವೂ ಏಜೆಂಟರ ಕೋಡೂ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಅರ್ಥ ಬದಲಾಗದ ಕಾರಣ ಅಲ್ಲಿ ಬದಲಾಯಿಸಬೇಕಾದದ್ದು ಏನೂ ಇರಲಿಲ್ಲ.

ಹಳೆಯ ‘ಡಬಲ್’ ಕನ್‌ಸ್ಟ್ರಕ್ಟರುಗಳನ್ನು ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಎಂದು ಗುರುತು ಹಾಕಿ ಇನ್ನಷ್ಟು ಕಾಲ ಉಳಿಸೋಣ ಎಂಬ ಸಲಹೆ ಬಂತು. ಅದನ್ನು ನಾನು ವಿರೋಧಿಸಿದೆ, ಸಂಘದ ಕಾರ್ಯದರ್ಶಿಯವರೂ ಒಪ್ಪಿದರು. ತೆಗೆದುಹಾಕಿದ್ದರಿಂದ ಅವುಗಳನ್ನು ಕರೆಯುತ್ತಿದ್ದ ಪ್ರತಿಯೊಂದು ಸಾಲೂ ಕಂಪೈಲ್ ಆಗದೆ ನಿಂತಿತು, ಆ ದೋಷಗಳ ಪಟ್ಟಿಯೇ ತಿದ್ದಬೇಕಾದ ಸಾಲುಗಳ ಪಟ್ಟಿಯಾಯಿತು. ಎಲ್ಲಿಯಾದರೂ ಹಳೆಯ ಜಾರ್ ಉಳಿದುಹೋದರೆ ಅದು ಆ ಸಾಲಿಗೆ ಬಂದಾಗ ‘ನೋ ಸಚ್ ಮೆಥಡ್ ಎರರ್’ ಎಂದು ನಿಂತುಬಿಡುತ್ತದೆ. ತಪ್ಪು ಮೊತ್ತವನ್ನಂತೂ ಬರೆಯುವುದಿಲ್ಲ.

‘ರೂಪಾಯಿಯಿಂದ’ ಮೆಥಡಿನ ಒಳಗೆ ನೂರರಿಂದ ಗುಣಿಸುವಾಗ ಇನ್ನೊಂದು ಎಚ್ಚರ ಬೇಕಾಯಿತು. 19.99ನ್ನು ‘ಡಬಲ್’ನಲ್ಲಿ 100ರಿಂದ ಗುಣಿಸಿದರೆ 1998.9999999999998 ಬರುತ್ತದೆ, ಅದನ್ನು ನೇರವಾಗಿ ‘ಲಾಂಗ್’ಗೆ ಇಳಿಸಿದರೆ ಒಂದು ಪೈಸೆ ಹೋಗುತ್ತದೆ. ಟೈಪು ಮಾಡಿದ ಮೊತ್ತವನ್ನು ‘ಡಬಲ್’ ಆಗಿ ಓದುವುದನ್ನೇ ಬಿಟ್ಟು, ಸ್ಟ್ರಿಂಗಿನಿಂದ ‘ಬಿಗ್‌ಡೆಸಿಮಲ್’ ಆಗಿ ಓದುವಂತೆ ಮಾಡಲಾಯಿತು. ಇಲ್ಲಿ ಸ್ಟ್ರಿಂಗಿನ ಕನ್‌ಸ್ಟ್ರಕ್ಟರನ್ನೇ ಬಳಸಬೇಕು. ‘ಡಬಲ್’ನ ಕನ್‌ಸ್ಟ್ರಕ್ಟರಿಗೆ 0.1 ಕೊಟ್ಟರೆ 0.1000000000000000055 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಬರುತ್ತದೆ, ಏಕೆಂದರೆ ‘ಡಬಲ್’ನ ಒಳಗೆ ನಿಜವಾಗಿ ಇರುವುದು ಅದೇ.

ಕೊನೆಯ ಪರಿಶೀಲನೆಯಲ್ಲಿ ದಿನದ ಒಟ್ಟು ವಸೂಲಿಯನ್ನು ಕೂಡುವ ಕಡೆ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ಒಂದು ‘ಮ್ಯಾಥ್ ರೌಂಡ್’ ಉಳಿದಿರುವುದು ಕಂಡುಬಂತು. ‘ಡಬಲ್’ ಇದ್ದ ಕಾಲದ ಸಾಲು ಅದು. ಒಟ್ಟು ಈಗ ‘ಲಾಂಗ್’ ಆಗಿದ್ದರೂ ಯಾರೂ ತೆಗೆದಿರಲಿಲ್ಲ, ಇದ್ದರೆ ನಷ್ಟವಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ‘ರೌಂಡ್’ ಕೂಡ ಓವರ್‌ಲೋಡ್ ಆದ ಮೆಥಡ್. ಒಂದು ‘ಫ್ಲೋಟ್’ ಸ್ವೀಕರಿಸಿ ‘ಇಂಟ್’ ಕೊಡುತ್ತದೆ, ಇನ್ನೊಂದು ‘ಡಬಲ್’ ಸ್ವೀಕರಿಸಿ ‘ಲಾಂಗ್’ ಕೊಡುತ್ತದೆ. ‘ಲಾಂಗ್’ಗೆ ಹತ್ತಿರವಿರುವುದು ‘ಫ್ಲೋಟ್’. ಹಾಗಾಗಿ ಒಟ್ಟು ಪೈಸೆಗಳು ‘ಫ್ಲೋಟ್’ ಆಗಿ ಬದಲಾಗುತ್ತಿದ್ದವು, ಮತ್ತು ‘ಫ್ಲೋಟ್’ 1,67,77,216ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಒಂದನ್ನೂ ಬಿಡದೆ ಹಿಡಿಯಬಲ್ಲದು. ರೂಪಾಯಿಯಲ್ಲಿ ಇದು 1,67,772.16. ಅದಕ್ಕಿಂತ ಒಂದು ಪೈಸೆ ಹೆಚ್ಚಾದರೆ ಆ ಪೈಸೆ ಕಾಣೆಯಾಗುತ್ತದೆ. ಮೊತ್ತ 2,14,74,836.47 ರೂಪಾಯಿಯನ್ನು ದಾಟಿದರೆ ‘ಇಂಟ್’ನ ಮಿತಿಗೆ ತಾಗಿ ಅಲ್ಲಿಯೇ ನಿಂತುಬಿಡುತ್ತದೆ. ಗೂಗಲ್‌ನ ‘ಎರರ್ ಪ್ರೋನ್’ ಎಂಬ ಪರಿಶೀಲಕದಲ್ಲಿ ಇದೇ ತಪ್ಪನ್ನು ಹಿಡಿಯುವ ನಿಯಮವೊಂದಿದೆ. ಅದನ್ನು ಅಂದಿನಿಂದ ಬಿಲ್ಡ್‌ಗೆ ಸೇರಿಸಲಾಯಿತು. ‘ರೌಂಡ್’ ಇದ್ದ ಸಾಲನ್ನು ತೆಗೆದು, 1,67,772 ರೂಪಾಯಿ 17 ಪೈಸೆಯನ್ನೇ ಒಟ್ಟು ಮೊತ್ತವಾಗಿ ಇಟ್ಟು ಒಂದು ಟೆಸ್ಟ್ ಬರೆದು, ನಿಗದಿತ ಕಂತಿಗೆ ಬರಿಯ 100 ಕೊಡುವ ಇನ್ನೊಂದನ್ನೂ ಬರೆದು, ಎಲ್ಲ ಜಾರ್‌ಗಳನ್ನೂ ಒಟ್ಟಿಗೆ ಮೊದಲಿನಿಂದ ಬಿಲ್ಡ್ ಮಾಡಿದ ಮೇಲೆ ಹೊಸ ತಂತ್ರಾಂಶ ಸಂಘದ ಸರ್ವರಿಗೆ ಹೋಯಿತು.